ಫ್ರಿಜ್ ಮೇಲಿನ ವೇಳಾಪಟ್ಟಿಯಲ್ಲಿ ಇಲ್ಲದ ಗಂಟೆಗಳು

ಬಾಸ್ಟನ್ ನಗರದ ಪಶ್ಚಿಮದ ಉಪನಗರಗಳಲ್ಲಿ ಓ ಪೇರ್‌ಗಳ ಸ್ಥಳೀಯ ಸಂಯೋಜಕಿಯಾಗಿ ನಾನು ಕೆಲಸಕ್ಕೆ ಸೇರಿದ್ದು 2016ರಲ್ಲಿ. ಬೇರೆ ದೇಶದಿಂದ ಬಂದು, ಒಂದು ಅಮೆರಿಕನ್ ಕುಟುಂಬದ ಮನೆಯಲ್ಲೇ ಇದ್ದು, ಆ ಮನೆಯ ಮಕ್ಕಳನ್ನು ನೋಡಿಕೊಳ್ಳುವ 18ರಿಂದ 26 ವರ್ಷದವರನ್ನು ಇಲ್ಲಿ ಓ ಪೇರ್ ಎನ್ನುತ್ತಾರೆ; ಹೆಚ್ಚಿನವರು ಹುಡುಗಿಯರು. ಅದು ಫ್ರೆಂಚ್ ಮಾತು, 'ಸರಿಸಮಾನವಾಗಿ' ಎಂದು ಅದರ ಅರ್ಥ. ಇವರೆಲ್ಲ ಜೆ-1 ವೀಸಾದಲ್ಲಿ ಬರುವುದರಿಂದ ಕಾಗದದ ಮೇಲೆ ಸಾಂಸ್ಕೃತಿಕ ವಿನಿಮಯಕ್ಕಾಗಿ ಬಂದವರು, ಮತ್ತು ಈ ಯೋಜನೆಯ ಉಸ್ತುವಾರಿ ಇರುವುದು ಕಾರ್ಮಿಕ ಇಲಾಖೆಯ ಬಳಿಯಲ್ಲ, ವಿದೇಶಾಂಗ ಇಲಾಖೆಯ ಬಳಿ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಗೊಂದಲಗಳಲ್ಲಿ ಅರ್ಧದಷ್ಟು ತಾವಾಗಿಯೇ ಅರ್ಥವಾಗುತ್ತವೆ.

ನಿಯಮಗಳು ಸ್ಪಷ್ಟವಾಗಿವೆ. ದಿನಕ್ಕೆ 10 ಗಂಟೆಗಿಂತ, ವಾರಕ್ಕೆ 45 ಗಂಟೆಗಿಂತ ಹೆಚ್ಚು ಕೆಲಸ ಕೊಡುವಂತಿಲ್ಲ. ವಾರಕ್ಕೆ ಒಂದೂವರೆ ದಿನ ರಜೆ, ತಿಂಗಳಿಗೊಮ್ಮೆ ಪೂರ್ತಿ ವಾರಾಂತ್ಯದ ಬಿಡುವು, ವರ್ಷದಲ್ಲಿ ಎರಡು ವಾರ ಸಂಬಳ ಸಹಿತ ರಜೆ, ಮಲಗಲು ಸ್ವಂತ ಕೋಣೆ, ಓದಿಗೆಂದು 500 ಡಾಲರ್ ತನಕ ನೆರವು. ಕೇಂದ್ರದ ನಿಯಮದಂತೆ ವಾರದ ಕನಿಷ್ಠ ಭತ್ಯೆ 195.75 ಡಾಲರ್. ಈ ವಿಚಿತ್ರ ಅಂಕಿಯ ಹಿಂದಿನ ಲೆಕ್ಕ ಸರಳವಾದದ್ದು: ಗಂಟೆಗೆ 7.25 ಡಾಲರ್ ಎಂಬ ಕೇಂದ್ರದ ಕನಿಷ್ಠ ಕೂಲಿಯನ್ನು 45 ಗಂಟೆಗಳಿಗೆ ಗುಣಿಸಿ, ಊಟ-ವಸತಿಯ ಬಾಬ್ತು ಶೇ. 40ರಷ್ಟನ್ನು ಕಳೆದರೆ ಉಳಿಯುವುದು ಇಷ್ಟೇ. ಕೆಲಸವೂ ಮಕ್ಕಳಿಗೆ ಸಂಬಂಧಿಸಿದ್ದಾಗಿರಬೇಕು. ಮಗುವಿನ ಬಟ್ಟೆ ಒಗೆಯಬಹುದು, ಅಪ್ಪನ ಅಂಗಿಯನ್ನಲ್ಲ. ಮಗುವಿನ ತಟ್ಟೆ ತೊಳೆಯಬಹುದು, ಅತಿಥಿಗಳ ಗ್ಲಾಸುಗಳನ್ನಲ್ಲ.

ಇವೆಲ್ಲ ಪಾಲನೆಯಾಗುತ್ತಿವೆಯೇ ಎಂದು ನೋಡುವುದು ನನ್ನ ಕೆಲಸ. ಹುಡುಗಿ ಬಂದ ಎರಡು ವಾರದೊಳಗೆ ಮನೆಗೆ ಹೋಗಿ ಭೇಟಿಯಾಗಬೇಕು, ಆಮೇಲೆ ತಿಂಗಳಿಗೊಮ್ಮೆಯಾದರೂ ಅವಳನ್ನೂ ಮನೆಯವರನ್ನೂ ಮಾತನಾಡಿಸಿ, ಓ ಪೇರ್‌ಗಳನ್ನು ಕರೆತರುವ ಸಂಸ್ಥೆಗೆ ವರದಿ ಕಳುಹಿಸಬೇಕು. ಸಂಯೋಜಕಿ ಆ ಮನೆಯಿಂದ ಒಂದು ಗಂಟೆಯ ಕಾರು ಪ್ರಯಾಣದೊಳಗೆ ಇರಬೇಕೆಂಬುದೂ ನಿಯಮವೇ. ಇಷ್ಟೆಲ್ಲ ವ್ಯವಸ್ಥೆ ಇದ್ದೂ 2018ರಲ್ಲಿ ಒಂದು ಮನೆಯ ವರದಿಯಲ್ಲಿ ನಾನು ಸತತವಾಗಿ ಎರಡು ತಿಂಗಳು 'ಯಾವ ಸಮಸ್ಯೆಯೂ ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿ ಕಳುಹಿಸಿದ್ದೆ.

ಅವಳು ಬ್ರೆಜಿಲ್‌ನ ಹುಡುಗಿ. ಮನೆಯಲ್ಲಿ ನಾಲ್ಕು ವರ್ಷದ ಒಂದು ಮಗು, ಹದಿನಾಲ್ಕು ತಿಂಗಳಿನ ಇನ್ನೊಂದು. ಮೊದಲ ಭೇಟಿಯಲ್ಲಿ ಮನೆಯೊಡತಿ ಅಡುಗೆಮನೆಯ ಮೇಜಿನ ಮೇಲೆ ಕಾಫಿ, ಬಾಳೆಹಣ್ಣಿನ ಬ್ರೆಡ್ಡು ಇಟ್ಟು, ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ವೇಳಾಪಟ್ಟಿಯನ್ನು ತೋರಿಸಿದರು. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ ಎರಡೂವರೆ ಗಂಟೆ, ಮಧ್ಯಾಹ್ನದ ಮೇಲೆ ಐದೂವರೆ ಗಂಟೆ, ಶನಿವಾರ ಸಂಜೆ ಐದು ಗಂಟೆ. ಕೂಡಿಸಿದರೆ ಸರಿಯಾಗಿ 45. ಬೇರೆ ಬೇರೆ ಬಣ್ಣದ ಪೆನ್ನಿನಲ್ಲಿ ಬರೆದಿದ್ದ ಆ ಹಾಳೆಯನ್ನು ಬೇರೆ ಕುಟುಂಬಗಳಿಗೂ ಮಾದರಿಯಾಗಿ ತೋರಿಸಬಹುದು ಎಂದುಕೊಂಡೆ. 'ಎಲ್ಲ ಚೆನ್ನಾಗಿದೆಯಾ?' ಎಂದು ಹುಡುಗಿಯನ್ನು ಕೇಳಿದೆ. ಮನೆಯೊಡತಿ ಅವಳ ಪಕ್ಕದಲ್ಲೇ ಕುಳಿತು ಬ್ರೆಡ್ಡು ಕತ್ತರಿಸುತ್ತಿದ್ದರು. 'ಎಲ್ಲ ಚೆನ್ನಾಗಿದೆ' ಎಂದಳು. ಅವಳು ಮತ್ತೇನು ಹೇಳಲು ಸಾಧ್ಯವಿತ್ತು?

ಅಕ್ಟೋಬರಿನ ಒಂದು ಭಾನುವಾರ ನಮ್ಮ ಗುಂಪಿನ ಎಂಟು ಹತ್ತು ಮಂದಿಯನ್ನು ಸೇಬಿನ ತೋಟಕ್ಕೆ ಕರೆದುಕೊಂಡು ಹೋಗಿದ್ದೆ. ಈ ಹುಡುಗಿ ಎರಡು ಸೇಬು ಕೀಳುವಷ್ಟರಲ್ಲಿ ಒಮ್ಮೆ ಮೊಬೈಲ್ ನೋಡುತ್ತಿದ್ದಳು. ಊರಿನಲ್ಲಿರುವ ಗೆಳೆಯನಿರಬೇಕು ಎಂದು ಮೊದಲು ಭಾವಿಸಿದೆ. ಹತ್ತಿರ ಹೋದಾಗ ಪರದೆಯ ಮೇಲೆ ಕಂಡದ್ದು ಬೂದು ಬಣ್ಣದ ಒಂದು ಚಿತ್ರ: ಮೇಲಿನಿಂದ ತೆಗೆದ ತೊಟ್ಟಿಲು, ಅದರೊಳಗೆ ಮಗ್ಗುಲಾಗಿ ಮಲಗಿದ ಮಗು. ಬೇಬಿ ಮಾನಿಟರಿನ ಆಪ್ ಅದು. ಇಂದು ರಜೆಯಲ್ಲವೇ ಎಂದು ಕೇಳಿದ್ದಕ್ಕೆ ಅವಳು ಸ್ವಲ್ಪ ನಾಚಿಕೊಂಡು, 'ಅಭ್ಯಾಸವಾಗಿಬಿಟ್ಟಿದೆ, ನೋಡದಿದ್ದರೆ ಭಯವಾಗುತ್ತದೆ' ಎಂದಳು.

ಬೆಂಚಿನ ಮೇಲೆ ಕುಳಿತು ವಿಚಾರಿಸಿದಾಗ ಒಂದೊಂದಾಗಿ ಹೊರಬಂತು. ವಾರದಲ್ಲಿ ನಾಲ್ಕು ದಿನ ರಾತ್ರಿ ಮಕ್ಕಳು ಮಲಗಿದ ನಂತರ, ಎಂಟರಿಂದ ಹತ್ತರವರೆಗೆ, ಗಂಡ ಹೆಂಡತಿ ವಾಕಿಂಗಿಗೋ ಜಿಮ್ಮಿಗೋ ಸ್ನೇಹಿತರ ಮನೆಗೋ ಹೋಗುತ್ತಿದ್ದರು, ಮಾನಿಟರು ಇವಳ ಕೈಯಲ್ಲಿರುತ್ತಿತ್ತು. ಮಗು ಏಳುತ್ತಿದ್ದದ್ದು ಅಪರೂಪ. ಆದ್ದರಿಂದ ಅದು ಕೆಲಸ ಎಂದು ಅವರಿಗೂ ಅನ್ನಿಸಿರಲಿಲ್ಲ, ಅವಳಿಗೂ ಅನ್ನಿಸಿರಲಿಲ್ಲ. ಆದರೆ ಮನೆಯಲ್ಲಿ ಬೇರೆ ಹಿರಿಯರಿಲ್ಲದಿದ್ದಾಗ ಮಗುವಿನ ಜವಾಬ್ದಾರಿ ಯಾರ ಮೇಲಿದೆಯೋ ಅವರು ಕೆಲಸದಲ್ಲಿದ್ದಾರೆ, ಮಗು ನಿದ್ದೆಯಲ್ಲಿದ್ದರೂ. ಅಲ್ಲಿಗೆ ವಾರಕ್ಕೆ 53 ಗಂಟೆಯಾಯಿತು. ಹೆಚ್ಚುವರಿ ಗಂಟೆಗೆ ಹೆಚ್ಚುವರಿ ಹಣ ಕೊಟ್ಟು ಸರಿಪಡಿಸಿಕೊಳ್ಳುವ ಅವಕಾಶವೂ ಇಲ್ಲಿಲ್ಲ. 45 ದಾಟುವುದನ್ನೇ ನಿಯಮ ಒಪ್ಪುವುದಿಲ್ಲ.

ಮಾರನೆಯ ದಿನ ಮನೆಯೊಡತಿಗೆ ಫೋನ್ ಮಾಡಿದಾಗ ಅವರು ನಿಜವಾಗಿಯೂ ನೊಂದುಕೊಂಡರು. 'ಅವಳು ನಮ್ಮ ಮನೆಯವಳೇ, ನಾವೆಂದೂ ಅವಳನ್ನು ಕೆಲಸದವಳಂತೆ ಕಂಡಿಲ್ಲ' ಎಂದರು. ಅವರು ಇಂಗ್ಲಿಷಿನಲ್ಲಿ ಆಡಿದ ಆ ಮಾತು ನನ್ನ ಕಿವಿಗೆ ಕನ್ನಡದಲ್ಲೇ ಕೇಳಿಸಿತು. ತಿಪಟೂರಿನ ನಮ್ಮ ದೊಡ್ಡಮ್ಮನ ಮನೆಯಲ್ಲಿ ಅಕ್ಕನ ಬಾಣಂತನದ ಸಮಯದಲ್ಲಿ ದೂರದ ನೆಂಟರ ಹುಡುಗಿಯೊಬ್ಬಳನ್ನು ಕರೆಸಿಕೊಂಡಿದ್ದರು, ಎರಡು ವರ್ಷ ಇದ್ದಳು. 'ಮನೆ ಮಗಳ ಹಾಗೆ ನೋಡ್ಕೊಂಡಿದೀವಿ' ಎಂದು ದೊಡ್ಡಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು, ಅದರಲ್ಲಿ ಸುಳ್ಳೂ ಇರಲಿಲ್ಲ. ಹಬ್ಬಕ್ಕೆ ನಮಗೆಲ್ಲ ತಂದ ಬಟ್ಟೆಯೇ ಅವಳಿಗೂ. ಆದರೆ ಅವಳು ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾಳೆಂದು ನಾನೂ ಸೇರಿದಂತೆ ಯಾರೂ ಕೇಳಿದವರಲ್ಲ. ಅಂಥ ಮನೆಯಲ್ಲಿ ಬೆಳೆದವಳು ನಾನಾದ್ದರಿಂದಲೇ ಆ ಬಣ್ಣಬಣ್ಣದ ವೇಳಾಪಟ್ಟಿಯನ್ನು, ಆ ಅಕ್ಕರೆಯನ್ನು ನೋಡಿ ಸುಲಭವಾಗಿ ಸಮಾಧಾನಗೊಂಡೆ ಎಂದು ಈಗ ಅನ್ನಿಸುತ್ತದೆ. ಇದರ ಜೊತೆಗೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು: ಸಂಸ್ಥೆಗೆ ದೊಡ್ಡ ಶುಲ್ಕ ಕಟ್ಟುವುದು ಕುಟುಂಬ, ನನಗೆ ಹಣ ಕೊಡುವುದು ಸಂಸ್ಥೆ. ಮೇಜಿನ ಆ ಬದಿಯಲ್ಲಿ ಕುಳಿತವರನ್ನು ಮುಜುಗರಪಡಿಸದಿರಲು ನನಗೂ ಕಾರಣವಿತ್ತು.

ಅವಳನ್ನು ಬೇರೆ ಮನೆಗೆ ಕಳುಹಿಸುವ ಪ್ರಮೇಯ ಬರಲಿಲ್ಲ. ಅವರು ಶನಿವಾರದ ಕೆಲಸವನ್ನು ತೆಗೆದುಹಾಕಿದರು, ರಾತ್ರಿಯ ಹೊರಹೋಗುವಿಕೆಯನ್ನು ಎರಡು ದಿನಕ್ಕೆ ಇಳಿಸಿ ಅದನ್ನು ಹಾಳೆಯಲ್ಲಿ ಬರೆದರು. ಜನವರಿಯಲ್ಲಿ ಹೋದಾಗ ಲೆಕ್ಕ ನಿಮಿಷದವರೆಗೆ ಚೊಕ್ಕವಾಗಿತ್ತು. ಆ ಭಾನುವಾರ ಅವಳನ್ನು ಫ್ರಾಮಿಂಗ್‌ಹ್ಯಾಮ್‌ನ ಬ್ರೆಜಿಲ್‌ನವರ ಬೇಕರಿಯ ಹತ್ತಿರ ಇಳಿಸಲು ಕಾರಿನಲ್ಲಿ ಹೋಗುವಾಗ ಅವಳೇ ಹೇಳಿದಳು: 'ಈಗ ಎಂಟಕ್ಕೆ ನನ್ನ ಕೋಣೆಗೆ ಹೋಗುತ್ತೇನೆ, ಚೆನ್ನಾಗಿ ನಿದ್ದೆ ಬರುತ್ತದೆ. ಆದರೆ ಮೊದಲು ಒಟ್ಟಿಗೆ ಕೂತು ಟಿವಿ ನೋಡುತ್ತಿದ್ದೆವು. ಈಗ ಕರೆಯುವುದಿಲ್ಲ.' ನನ್ನ ಬಳಿ ಇದಕ್ಕೆ ಉತ್ತರವಿರಲಿಲ್ಲ. ವರ್ಷ ಮುಗಿದ ಮೇಲೆ ಅವಳು ಅವಧಿ ವಿಸ್ತರಿಸಿಕೊಳ್ಳದೆ ಊರಿಗೆ ಹೊರಟುಹೋದಳು.

ಅದೇ 2019ರ ಜನವರಿಯಲ್ಲಿ, ಡೆನ್ವರ್‌ನಲ್ಲಿ ಓ ಪೇರ್‌ಗಳು ಕಡಿಮೆ ಕೂಲಿಯ ವಿಚಾರವಾಗಿ ಇಂಥ ಸಂಸ್ಥೆಗಳ ಮೇಲೆ ಹೂಡಿದ್ದ ದಾವೆ 6.55 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಡಿಸೆಂಬರಿನಲ್ಲಿ ಬಾಸ್ಟನ್ನಿನ ಮೇಲ್ಮನವಿ ನ್ಯಾಯಾಲಯವು ಓ ಪೇರ್‌ಗಳಿಗೂ ಮ್ಯಾಸಚೂಸೆಟ್ಸ್‌ನ ಕೂಲಿ ಕಾನೂನು ಅನ್ವಯಿಸುತ್ತದೆ ಎಂದು ಹೇಳಿತು. ನಮ್ಮ ರಾಜ್ಯದಲ್ಲಿ ಆಗ ಕನಿಷ್ಠ ಕೂಲಿ ಗಂಟೆಗೆ 12 ಡಾಲರ್, ಮರುತಿಂಗಳಿನಿಂದ 12.75. ಹಲವು ಕುಟುಂಬಗಳು ಈ ಖರ್ಚು ತಾಳಲಾರದೆ ಯೋಜನೆಯಿಂದ ಹಿಂದೆ ಸರಿದವು. ನರ್ಸ್ ಕೆಲಸದ ರಾತ್ರಿ ಪಾಳಿಯಲ್ಲಿರುವ ಒಬ್ಬ ತಾಯಿಯ ಕಷ್ಟವನ್ನು ನೋಡಿ ನನಗೂ ಬೇಸರವಾಯಿತು. ಉಳಿದ ಮನೆಗಳಲ್ಲಿ ಮಾತ್ರ ಗಂಟೆಗಳ ದಾಖಲೆ ಇಡುವುದು ಅನಿವಾರ್ಯವಾಯಿತು.

ನಾನು ಈಗ ಮನೆಯವರನ್ನು ಅಡುಗೆಮನೆಯಲ್ಲೇ ಮಾತನಾಡಿಸುತ್ತೇನೆ, ಹುಡುಗಿಯರನ್ನು ಹೊರಗೆ, ನಡೆಯುತ್ತಲೋ ಕಾರಿನಲ್ಲೋ. ಚೆನ್ನಾಗಿದ್ದೀಯಾ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ನಿನ್ನೆ ಎಷ್ಟಕ್ಕೆ ಎದ್ದೆ, ರಾತ್ರಿ ಮಾನಿಟರು ಯಾರ ಕೋಣೆಯಲ್ಲಿತ್ತು ಎಂದು ಕೇಳುತ್ತೇನೆ. ಕಳೆದ ತಿಂಗಳು ಹೊಸದಾಗಿ ಬಂದ ಜರ್ಮನ್ ಹುಡುಗಿಯೊಬ್ಬಳು ಈ ಪ್ರಶ್ನೆಗೆ 'ನನ್ನ ಕೋಣೆಯಲ್ಲಿ' ಎಂದು ಹೇಳಿ, ನನ್ನ ಮುಖ ನೋಡಿ ನಕ್ಕು, ಮೊಬೈಲ್ ತೆಗೆದು ತೋರಿಸಿದಳು: ಮಂಗಳವಾರ, 8.10ರಿಂದ 9.40.