ಬಿಟ್‌ಕಾಯಿನ್ ನೋಡ್‌ಗೆ ಕನಿಷ್ಠ ಹಾರ್ಡ್‌ವೇರ್: ಸಿಂಕ್ ಮುಗಿಸಿ ಸುಮ್ಮನಿರುವ ನೋಡ್ ನೋಡಿ ಬರೆಯಬೇಡಿ

ಬಿಟ್‌ಕಾಯಿನ್ ನೋಡ್ ಎಂದರೆ ಎಲ್ಲ ವಹಿವಾಟುಗಳ ದಾಖಲೆ ಇಳಿಸಿಕೊಂಡು ತಾನೇ ಪರಿಶೀಲಿಸುವ ಕಂಪ್ಯೂಟರ್; ಅದನ್ನು ನಡೆಸುವ ಸಾಫ್ಟ್‌ವೇರ್ ಬಿಟ್‌ಕಾಯಿನ್ ಕೋರ್. ಸಿಂಕ್, ಅಂದರೆ ಹಳೆಯ ದಾಖಲೆಯನ್ನೆಲ್ಲ ಇಳಿಸಿ ಪರಿಶೀಲಿಸುವ ಕೆಲಸ, ಮುಗಿದ ಮೇಲೆ ಅದು ಹಳೇ ಲ್ಯಾಪ್‌ಟಾಪ್‌ನಲ್ಲೂ ಆರಾಮಾಗಿ ಓಡುತ್ತದೆ. ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್ (ವಹಿವಾಟುಗಳ ಕಟ್ಟು) ಬರುತ್ತದೆ, ಅಷ್ಟೇ. ಆ ಹೊತ್ತಿನ ಬಳಕೆ ನೋಡಿ ಕನಿಷ್ಠ ಹಾರ್ಡ್‌ವೇರ್ ಪಟ್ಟಿಯಲ್ಲಿ ‘2 ಜಿಬಿ ಮೆಮೊರಿ, ಯಾವುದಾದರೂ ಡಿಸ್ಕ್’ ಎಂದು ಬರೆದುಬಿಟ್ಟರೆ ಸಪೋರ್ಟ್ ಟಿಕೆಟ್‌ಗಳ ಸಾಲು ಶುರು. ಅಳೆಯಬೇಕಾದ್ದು ಮೊದಲ ಸಿಂಕ್ ಮತ್ತು ಡೇಟಾ ಕೆಟ್ಟಾಗ ಡೇಟಾಬೇಸನ್ನು ಮೊದಲಿಂದ ಮತ್ತೆ ಕಟ್ಟುವ ರೀಇಂಡೆಕ್ಸ್.

ಅಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಡಿಸ್ಕ್. ಇನ್ನೂ ಖರ್ಚಾಗದ ನಾಣ್ಯಗಳ ಲೆಕ್ಕವಿರುವ ಚೈನ್‌ಸ್ಟೇಟ್ ಸುಮಾರು 11 ಜಿಬಿ. ಪ್ರತಿ ವಹಿವಾಟಿಗೂ ಅದರೊಳಗೆ ಎಲ್ಲೋ ಇರುವ ದಾಖಲೆ ಹುಡುಕಬೇಕು, ಅಳಿಸಬೇಕು, ಹೊಸದು ಸೇರಿಸಬೇಕು. ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ನೂರು ಚಿಲ್ಲರೆ ರ‍್ಯಾಂಡಮ್ ಓದಿಗೇ ಸುಸ್ತು. ಸಿಂಕ್ ವಾರಗಟ್ಟಲೆ ಎಳೆಯುತ್ತದೆ. ಎಸ್‌ಎಸ್‌ಡಿ ಚಿಕ್ಕದಿದ್ದರೆ ಚೈನ್‌ಸ್ಟೇಟ್ ಅದರಲ್ಲಿರಲಿ, ಬ್ಲಾಕ್ ಫೈಲ್‌ಗಳನ್ನು ‘ಬ್ಲಾಕ್ಸ್‌ಡಿರ್’ ಆಯ್ಕೆಯಿಂದ ಹಾರ್ಡ್‌ಡಿಸ್ಕ್‌ಗೆ ಕಳಿಸಿ. ಅವನ್ನು ಸಾಲಾಗಿ ಬರೆಯುವುದಷ್ಟೇ, ಅದು ತಡೆದುಕೊಳ್ಳುತ್ತದೆ.

ಪರೀಕ್ಷೆಯಲ್ಲಿ ಎರಡು ಕಡೆ ಮೋಸ ಹೋಗುತ್ತೇವೆ. 32 ಜಿಬಿ ಮಷೀನ್‌ನಲ್ಲಿ ‘ಡಿಬಿಕ್ಯಾಶ್’ (ನೋಡ್ ಮೆಮೊರಿಯಲ್ಲಿಟ್ಟುಕೊಳ್ಳುವ ಕ್ಯಾಶ್‌ನ ಗಾತ್ರ) ಮಾತ್ರ ಇಳಿಸಿದರೆ 4 ಜಿಬಿ ಮಷೀನ್ ಆಗುವುದಿಲ್ಲ: ಉಳಿದ ಮೆಮೊರಿಯಲ್ಲಿ ಲಿನಕ್ಸ್ ಇಡೀ ಚೈನ್‌ಸ್ಟೇಟ್ ಅನ್ನೇ ಕ್ಯಾಶ್ ಮಾಡಿ ಡಿಸ್ಕಿನ ಹುಳುಕು ಮುಚ್ಚಿಹಾಕುತ್ತದೆ. ಬೂಟ್ ಹಂತದಲ್ಲೇ ಮೆಮೊರಿಗೆ ಮಿತಿ ಹಾಕಿ. ಇನ್ನೊಂದು, ಮೊದಲ 2,00,000 ಬ್ಲಾಕ್‌ಗಳ ವೇಗ ನಂಬಬೇಡಿ. ಅವು 2012ರವರೆಗಿನವು, ತೀರಾ ಚಿಕ್ಕವು. ಖಾಲಿ ಡಿಸ್ಕಿನಿಂದ ಇತ್ತೀಚಿನ ಬ್ಲಾಕ್‌ವರೆಗೂ ಓಡಿಸಿ. ಹಳೆಯ ಬ್ಲಾಕ್‌ಗಳ ಸಹಿ ಪರಿಶೀಲನೆಯನ್ನು ‘ಅಸ್ಯೂಮ್‌ವ್ಯಾಲಿಡ್’ ಎಂಬ ಆಯ್ಕೆ ಬಿಟ್ಟುಬಿಡುವುದರಿಂದ ಸಿಪಿಯುವಿನ ನಿಜವಾದ ಹೊರೆ ಕಾಣುವುದು ಕೊನೆಯ ಭಾಗದಲ್ಲೇ.

ಮೆಮೊರಿಗೆ 4 ಜಿಬಿ ಎಂದು ಬರೆಯಬಹುದು. ಆದರೆ ಅದರಲ್ಲಿ ಯಾರೋ ಡಿಬಿಕ್ಯಾಶ್ 3000 (ಎಂಬಿ) ಹಾಕಿಯೇ ಹಾಕುತ್ತಾರೆ. ಮೆಮೊರಿ ಸಾಲದೆ ಕರ್ನಲ್ ನೋಡ್ ಅನ್ನು ಕೊಂದುಹಾಕುತ್ತದೆ. ದೊಡ್ಡ ಕ್ಯಾಶ್ ಇಟ್ಟವರಿಗೆ ಕರೆಂಟ್ ಹೋದರೂ ಪೆಟ್ಟೇ: ಡಿಸ್ಕಿಗೆ ಕೊನೆಯ ಬಾರಿ ಬರೆದಲ್ಲಿಂದ ಮತ್ತೆ ಶುರು ಮಾಡಬೇಕು. ಯುಪಿಎಸ್ ಕೂಡ ಪಟ್ಟಿಯಲ್ಲಿರಲಿ.

ಜಾಗಕ್ಕೆ ಇವತ್ತಿನ ಗಾತ್ರ ಬರೆದರೆ ಸಾಲದು. ಬ್ಲಾಕ್‌ಗಳೇ 2025ರ ಕೊನೆಗೆ 700 ಜಿಬಿ ಆಸುಪಾಸು, ಅದರ ಮೇಲೆ ಬ್ಲಾಕ್ ಹಿಂತೆಗೆಯಬೇಕಾದಾಗ ಬೇಕಾಗುವ ಅನ್‌ಡೂ ಫೈಲ್‌ಗಳು. ದಿನಕ್ಕೆ 144 ಬ್ಲಾಕ್, ತಲಾ 1.6 ಎಂಬಿ ಎಂದು ಹಿಡಿದರೂ ವರ್ಷಕ್ಕೆ 84 ಜಿಬಿ. ಎಲ್ಲವೂ 4 ಎಂಬಿಯ ಮಿತಿ ಮುಟ್ಟಿದರೆ 210. 1 ಟಿಬಿ ಡಿಸ್ಕ್ ಸಿಸ್ಟಮ್‌ಗೆ ಕಾಣುವುದೇ 931 ಜಿಬಿ ಎಂದು. ಪೂರ್ಣ ನೋಡ್‌ಗೆ 2 ಟಿಬಿ ಎಂದೇ ಬರೆಯಿರಿ.

ಹಳೆಯ ಬ್ಲಾಕ್‌ಗಳನ್ನು ಅಳಿಸುತ್ತಾ ಹೋಗುವ ಪ್ರೂನ್ ನೋಡ್‌ಗೆ ಪಟ್ಟಿಯಲ್ಲಿ ಬೇರೆಯೇ ಸಾಲು ಬೇಕು. ಪ್ರೂನ್‌ನ ಕನಿಷ್ಠ 550 ಎಂಬಿ ಎಂದು ನೋಡಿ 16 ಜಿಬಿ ಕಾರ್ಡ್ ಕೊಳ್ಳುವವರಿದ್ದಾರೆ, ಚೈನ್‌ಸ್ಟೇಟ್ ಹೊರತು ಆ ಲೆಕ್ಕ. ಪ್ರೂನ್ ಮಾಡಿದರೂ ಒಮ್ಮೆ ಎಲ್ಲ ಬ್ಲಾಕ್‌ಗಳನ್ನೂ ಇಳಿಸಲೇಬೇಕು, ರೀಇಂಡೆಕ್ಸ್ ಬಂದರೆ ಮತ್ತೊಮ್ಮೆ. ಡೇಟಾ ಮಿತಿಯಿರುವ ಕನೆಕ್ಷನ್‌ನವರಿಗೆ ಇದನ್ನು ಮೊದಲ ಸಾಲಲ್ಲೇ ಹೇಳಿ.

ಪಟ್ಟಿಗೆ ರಾಸ್ಪ್‌ಬೆರಿ ಪೈ 5 ಎಂಬ ಪುಟ್ಟ ಕಂಪ್ಯೂಟರ್ ಸೇರಿಸುವುದಾದರೆ ಅಡಾಪ್ಟರ್ ಕೂಡ ನಮೂದಿಸಿ. 5 ವೋಲ್ಟ್ 3 ಆಂಪಿಯರ್‌ನದು ಹಾಕಿದರೆ ಪೈ ಯುಎಸ್‌ಬಿಗೆ ಒಟ್ಟು 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ. ಭಾರೀ ಬರವಣಿಗೆಯ ನಡುವೆ ಎಸ್‌ಎಸ್‌ಡಿ ಕಳಚಿಕೊಂಡು ಡೇಟಾಬೇಸ್ ಕೆಡಬಹುದು. 5 ಆಂಪಿಯರ್‌ನದೇ ಬೇಕು.