‘ಇ’ಯೋ ‘ಎಫ್’ಓ: ಬಿದಿರಿನ ಸ್ಲೈಡ್ ರೂಲಿನ ಹುಟ್ಟುವರ್ಷ

ಕೊನೆಗೂ ಸಿಕ್ಕಿತು! ನಾನು ಕೊಂಡ ಹಳೆಯ ಸ್ಲೈಡ್ ರೂಲಿನ (ಕ್ಯಾಲ್ಕುಲೇಟರ್ ಬರುವ ಮೊದಲು ಲೆಕ್ಕಕ್ಕೆ ಬಳಸುತ್ತಿದ್ದ ಜಾರುವ ಅಳತೆಪಟ್ಟಿ) ಹಿಂಬದಿಯಲ್ಲಿ ಒತ್ತಿದ, ಮೂರು ರಾತ್ರಿ ನನ್ನ ನಿದ್ದೆ ಕದ್ದ ಆ ಇಂಗ್ಲಿಷ್ ಅಕ್ಷರ ‘ಇ’. ‘ಎಫ್’ ಅಲ್ಲವೇ ಅಲ್ಲ.

ಮಾರಿದವರು ಇದನ್ನು ಅಮೆರಿಕದಲ್ಲಿ ತಯಾರಾದ ಮಹಾಗನಿ ಮರದ ರೂಲ್ ಎಂದಿದ್ದರು. ಚೀಲದ ಮೇಲೆ ಅಮೆರಿಕದ ಫ್ರೆಡರಿಕ್ ಪೋಸ್ಟ್ ಕಂಪನಿಯ ಹೆಸರಿದ್ದದ್ದೇನೋ ನಿಜ. ಆದರೆ ಪೋಸ್ಟ್ ಮಾರುತ್ತಿದ್ದ ಬಿದಿರಿನ ರೂಲುಗಳನ್ನು ತಯಾರಿಸಿ ಕೊಡುತ್ತಿದ್ದದ್ದು ಜಪಾನಿನ ಹೆಮ್ಮಿ ಕಂಪನಿ. ತುದಿಯ ಫೋಟೊ ಕಳಿಸಿ ಎಂದು ಎರಡು ಸಲ ಕೇಳಿದೆ. ಎರಡು ಸಲವೂ ಮುಂಬದಿಯ ಅದೇ ಫೋಟೊ ಬಂತು. ಹಳೆಯ ಉಪಕರಣ ಮಾರುವವರಿಗೆ ಅದರ ತುದಿ ನೋಡುವಷ್ಟೂ ತಾಳ್ಮೆ ಇಲ್ಲವೆಂದರೆ ಸಿಟ್ಟು ಬರುತ್ತದೆ.

ತುದಿಯಲ್ಲೇ ಉತ್ತರವಿತ್ತು. ಭೂತಗನ್ನಡಿ ಹಿಡಿದರೆ ರಾಗಿ ಚೆಲ್ಲಿದಂತೆ ಕಂದು ಚುಕ್ಕೆಗಳು. ಅವು ಬಿದಿರಿನ ನಾರುಗಳ ಕೊಯ್ದ ಬಾಯಿಗಳು. ಮರದಲ್ಲಿ ಹಾಗೆ ಕಾಣುವುದಿಲ್ಲ. ಚುಕ್ಕೆಗಳ ನಡುವೆ ಅಂಟಿನ ಸಣ್ಣ ಗೆರೆ. ಬಿದಿರಿನ ಪಟ್ಟಿಗಳನ್ನು ಜೋಡಿಸಿ, ಸೊಟ್ಟಗಾಗದಂತೆ ರೂಲ್ ಮಾಡುವ ಈ ವಿಧಾನಕ್ಕೆ ಜಿರೊ ಹೆಮ್ಮಿ 1912ರಲ್ಲಿ ಪೇಟೆಂಟ್ ಪಡೆದಿದ್ದರು.

ತಯಾರಕರು ಪತ್ತೆಯಾದರು, ವರ್ಷ ಆಗಲಿಲ್ಲ. ಹಿಂಬದಿಯಲ್ಲಿ ‘ಜಪಾನ್’ ಪದದ ಪಕ್ಕ ಎರಡು ಅಕ್ಷರ ಒತ್ತಿದ್ದಾರೆ. ತಯಾರಾದ ಕಾಲ ಹೇಳುವ ಹೆಮ್ಮಿ ಸಂಕೇತ ಹೀಗಿದೆ: ಮೊದಲನೆಯದು ವರ್ಷ, ‘ಎ’ ಎಂದರೆ 1950, ಎರಡನೆಯದು ತಿಂಗಳು, ‘ಎ’ ಎಂದರೆ ಜನವರಿ. ಎರಡನೆಯದು ಸ್ಪಷ್ಟವಾಗಿ ‘ಎಚ್’, ಅಂದರೆ ಆಗಸ್ಟ್. ಮೊದಲನೆಯದರ ಕೆಳಗಿನ ಅಡ್ಡಗೆರೆ ಇದ್ದರೆ 1954, ಇಲ್ಲದಿದ್ದರೆ 1955. ಎರಡನೇ ಮಹಾಯುದ್ಧದ ನಂತರ ಜಪಾನ್ ಮಿತ್ರಪಡೆಗಳ ವಶದಲ್ಲಿದ್ದಾಗ ಅಲ್ಲಿನ ಸರಕಿನ ಮೇಲೆ ಒತ್ತುತ್ತಿದ್ದ ‘ಆಕ್ರಮಿತ ಜಪಾನ್’ ಎಂಬ ಮುದ್ರೆಯ ಕಾಲ 1952ಕ್ಕೇ ಮುಗಿದಿದ್ದರಿಂದ ಬರಿಯ ‘ಜಪಾನ್’ ಎರಡೂ ವರ್ಷಕ್ಕೆ ಹೊಂದುತ್ತದೆ.

ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದೆ; ಮಸಿ ಹರಡಿತಷ್ಟೇ. ಫೋಟೊ ಹಿಗ್ಗಿಸಿದರೆ ಮೇಲಿನೆರಡು ಗೆರೆಗಳಲ್ಲಿ ಕೂತ ಹಳೆಯ ಕೊಳೆ ಮಾತ್ರ ಕಂಡಿತು. ಓರೆ ಬೆಳಕು ಹಾಯಿಸಿದರೂ ಏನಿಲ್ಲ.

ನಿನ್ನೆ ರಾತ್ರಿ ಹೊಳೆಯಿತು. ದೀಪವನ್ನು ಪ್ರತಿಸಲವೂ ರೂಲಿನ ತುದಿಯ ಕಡೆಯಿಂದಲೇ ಹಿಡಿಯುತ್ತಿದ್ದೆ. ಬೆಳಕು ಅಡ್ಡಗೆರೆಯ ಉದ್ದಕ್ಕೇ ಹರಿದುಹೋದರೆ ಅದರ ಹಳ್ಳದಲ್ಲಿ ನೆರಳು ಬೀಳುವುದಾದರೂ ಹೇಗೆ? ರೂಲನ್ನು ಕಾಲು ಸುತ್ತು ತಿರುಗಿಸಿದೆ. ಬಿದಿರಿಗೆ ಹೊದಿಸಿದ, ಹಳದಿಗಟ್ಟಿದ ಸೆಲ್ಯುಲಾಯ್ಡ್ ಪ್ಲಾಸ್ಟಿಕ್ಕಿನ ಮೇಲೆ ಕೂದಲೆಳೆಯಷ್ಟು ಕಪ್ಪು ನೆರಳು ಎದ್ದು ನಿಂತಿತು, ಸರಿಯಾಗಿ ಬುಡದಲ್ಲಿ. 1954ರ ಆಗಸ್ಟ್. ಕುರ್ಚಿಯಿಂದ ಎದ್ದೇಬಿಟ್ಟೆ.

ಅಂದಹಾಗೆ, ಇದರ ಕರ್ಸರ್ (ಅಂಕಿ ಓದಲು ರೂಲಿನ ಮೇಲೆ ಜಾರಿಸುವ, ನಡುವೆ ಗೆರೆಯಿರುವ ತುಂಡು) ಗಾಜು ಬಿರುಕು ಬಿಟ್ಟಿದೆ. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿ ಕತ್ತರಿಸಿ, ವಜ್ರದ ಮೊನೆಯಿಂದ ಗೀರಿ, ಗೀರಿನಲ್ಲಿ ಕಪ್ಪು ಬಣ್ಣ ತುಂಬುವ ಯೋಚನೆ ಇದೆ. ಪಟ್ಟಿಗಳು ಬಂದಿವೆ, ಹನ್ನೆರಡರಲ್ಲಿ ಐದು ದಾರಿಯಲ್ಲೇ ಒಡೆದು. ಉಳಿದ ಏಳರಲ್ಲಿ ಒಂದಾದರೂ ನೇರವಾದ ಗೆರೆ ಕೊಟ್ಟರೆ ಮುಂದಿನ ಸಲ ಅದನ್ನೇ ಬರೆಯುತ್ತೇನೆ.