ಪ್ರತಿಯೊಂದೂ ಎರಡೆರಡು ಕಳಿಸಿ

ನನ್ನ ಕೆಲಸ ಏನು ಅಂತ ಕೇಳಿದವರಿಗೆ ‘ಸ್ಟಾಲ್ ಹಾಕುವುದು’ ಅನ್ನುತ್ತೇನೆ. ಮೈಸೂರಿನ ನೆಂಟರ ಪಾಲಿಗೆ ಸ್ಟಾಲ್ ಅಂದರೆ ದಸರಾ ಎಕ್ಸಿಬಿಷನ್ನೇ. ಡೆಲ್ಲಿ ಹಪ್ಪಳದ ಪಕ್ಕದ ಅಂಗಡಿ ನನ್ನದು ಅಂತ ಇವತ್ತಿಗೂ ನಂಬಿರುವ ಚಿಕ್ಕಮ್ಮ ಒಬ್ಬರಿದ್ದಾರೆ. ಅವರನ್ನು ತಿದ್ದುವುದನ್ನು ಬಿಟ್ಟಿದ್ದೇನೆ. ಇಲ್ಲಿನ ಕಂಪನಿಗಳು ಹೊರದೇಶದ ಮೇಳಕ್ಕೆ ಹೋಗುವಾಗ ಏನು ಒಯ್ಯಬೇಕು, ಯಾವ ಪೆಟ್ಟಿಗೆಯಲ್ಲಿ ಹೇಗೆ ತುಂಬಬೇಕು, ಅಲ್ಲಿ ಯಾವ ಮೂಲೆಯಲ್ಲಿ ನಿಲ್ಲಿಸಬೇಕು ಅಂತ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಪೀಣ್ಯದಲ್ಲಿ ಒಂದು ಶೆಡ್ಡು, ಆರು ಜನ ಬಡಗಿಗಳು, ಅವರ ಮೇಲೆ ಒಬ್ಬ ಮೇಸ್ತ್ರಿ. ಹದಿನೇಳು ವರ್ಷವಾಯಿತು. ಪ್ಯಾಕಿಂಗು, ಕಸ್ಟಮ್ಸು ಎಲ್ಲ ಅಭ್ಯಾಸವಾಗಿಬಿಡುತ್ತದೆ. ದುಡ್ಡು ಕೊಡುವವರ ಮುಖ ನೋಡಿ ‘ಸಾರ್, ಇದನ್ನು ತರಬೇಡಿ’ ಅನ್ನುವುದು ಮಾತ್ರ ಇನ್ನೂ ಅಭ್ಯಾಸವಾಗಿಲ್ಲ.

ಕೆಲವು ವರ್ಷದ ಹಿಂದೆ ಜರ್ಮನಿಯ ಹ್ಯಾನೋವರ್ ಮೇಳಕ್ಕೆ ಒಬ್ಬ ಗಿರಾಕಿ ಒಂದೂವರೆ ಟನ್ ತೂಕದ ಪ್ರೆಸ್ ಮೆಷಿನ್ ಒಯ್ಯಲೇಬೇಕು ಅಂತ ಹಟ ಹಿಡಿದರು. ‘ನಾವೂ ಅವರ ಲೆವೆಲ್ಲಿಗೆ ಬಂದಿದ್ದೀವಿ ಅಂತ ತೋರಿಸ್ಬೇಕು ಮೇಡಂ.’ ಮೆಷಿನ್ನಿನವರ ಊರಿಗೇ ಮೆಷಿನ್ನು! ಹೇಳಿ ನೋಡಿದೆ, ಕೇಳಲಿಲ್ಲ, ಒಯ್ದೆವು. ಬಂದವರಲ್ಲಿ ಮುಕ್ಕಾಲು ಜನ ನಿಂತದ್ದು ಮುಂದಿನ ಕೌಂಟರಿನ ಹತ್ತಿರ. ಅದರ ಎದೆಗೆ ನಮ್ಮ ಮೇಸ್ತ್ರಿ ಮೈಸೂರಿನಿಂದ ತಂದ ಬೀಟೆ ಮರದ ಇನ್‌ಲೇ ಫಲಕವೊಂದನ್ನು ಕೂರಿಸಿದ್ದರು, ಒಂದು ಆನೆ, ಎರಡು ತೆಂಗಿನ ಮರ. ಜನ ಅದರ ಮೇಲೆ ಬೆರಳಾಡಿಸಿ, ಇದು ಬಣ್ಣವೋ ಮರವೋ ಅಂತ ಕೇಳುತ್ತಿದ್ದರು. ಗಿರಾಕಿಗೆ ಸಿಟ್ಟು ಬಂತು. ಬಾಕಿ ಹಣ ಎಂಟು ತಿಂಗಳು ತಡವಾಗಿ ಬಂತು.

ಇದನ್ನು ಮರೆತಿದ್ದೆ. 2019ರಲ್ಲಿ ಕೆಲಸದ ಮೇಲೆ ಜಪಾನಿನ ನಗೋಯಾಕ್ಕೆ ಹೋದಾಗ ನೆನಪಾಯಿತು. ಅರ್ಧ ದಿನ ಬಿಡುವಿತ್ತು, ಕೋಟೆ ನೋಡೋಣ ಅಂತ ಹೋದೆ. ಮುಖ್ಯ ಗೋಪುರದೊಳಗೆ 2018ರಿಂದ ಯಾರನ್ನೂ ಬಿಡುತ್ತಿಲ್ಲ. ಕೆಳಗೆ ನಿಂತು ಕತ್ತೆತ್ತಿದರೆ ಮಾಡಿನ ಎರಡು ತುದಿಗೂ ಎರಡು ಬಂಗಾರದ ಮೀನು, ಬಾಲ ಆಕಾಶಕ್ಕೆ, ಮುಖ ಹುಲಿಯದು. ಶಾಚಿ ಅನ್ನುತ್ತಾರೆ. ಬೇಲೂರಿನ ಮಕರತೋರಣ ನೋಡಿದ ಕಣ್ಣಿಗೆ ದೂರದ ನೆಂಟನ ಹಾಗೆ ಕಾಣುತ್ತದೆ. ಬೆಂಕಿ ಬೀಳದಿರಲಿ, ನೀರು ತರಲಿ ಅಂತ ಕೂರಿಸುವುದಂತೆ. 1945ರ ಬಾಂಬ್ ದಾಳಿಯಲ್ಲಿ ಕೋಟೆಯ ಜೊತೆ ಅವೇ ಸುಟ್ಟುಹೋದವು. ಈಗಿನವು 1959ರವು, ಒಂದೊಂದೂ ಸುಮಾರು ಎಂಟೂವರೆ ಅಡಿ, ಒಂದೊಂದಕ್ಕೂ 40 ಕಿಲೋಗೆ ಮಿಕ್ಕಿ ಚಿನ್ನ ಹೊದಿಸಿದ್ದಾರೆ. ಹಳೆಯ ಜೋಡಿಯಲ್ಲಿ ಹೆಣ್ಣು ಮೀನು 1873ರಲ್ಲಿ ವಿಯೆನ್ನಾ ಮಹಾಮೇಳಕ್ಕೆ ಹೋಗಿಬಂದಿತ್ತು ಅಂತ ಗೊತ್ತಾದಾಗ ನನ್ನ ತಲೆಗೆ ಬಂದ ಮೊದಲ ಪ್ರಶ್ನೆ ಚರಿತ್ರೆಯದಲ್ಲ. ಇದಕ್ಕೆ ಕ್ರೇಟ್ ಮಾಡಿದವರು ಯಾರಪ್ಪಾ?

ಕಳಿಸಿದವರು ಯಾರು ಅಂತ ಹುಡುಕಿದೆ. ಸಿಕ್ಕಿದ ಹೆಸರು ಗಾಟ್‌ಫ್ರೀಡ್ ವಾಗೆನರ್, ಹುಟ್ಟಿದ್ದು 1831ರಲ್ಲಿ, ಹ್ಯಾನೋವರ್‌ನಲ್ಲಿ. ಅದೇ ಹ್ಯಾನೋವರ್! ಹೋಟೆಲಿನಲ್ಲಿ ಒಬ್ಬಳೇ ನಕ್ಕೆ.

ಗಟ್ಟಿಂಗೆನ್‌ನಲ್ಲಿ ಗಣಿತ ಓದಿದ ಮನುಷ್ಯ. 1868ರಲ್ಲಿ ನಾಗಸಾಕಿಗೆ ಬಂದದ್ದು ಒಂದು ಅಮೆರಿಕನ್ ಕಂಪನಿಯ ಸೋಪಿನ ಕಾರ್ಖಾನೆ ಹಾಕುವುದಕ್ಕೆ. ಸೋಪು ಕೈಹತ್ತಲಿಲ್ಲ. ಆಮೇಲೆ ಅರಿತಾ ಅನ್ನುವ ಪಿಂಗಾಣಿಯ ಊರಿಗೆ ಹೋಗಿ ಕಲ್ಲಿದ್ದಲಿನ ಭಟ್ಟಿ, ಕೋಬಾಲ್ಟ್ ನೀಲಿ ಬಣ್ಣ ಹೇಳಿಕೊಟ್ಟ. ಅಲ್ಲಿಂದ ಟೋಕಿಯೋಗೆ, ಮೇಷ್ಟ್ರ ಕೆಲಸಕ್ಕೆ. ಆ ಹೊತ್ತಿಗೆ ಆಸ್ಟ್ರಿಯಾದಿಂದ ಜಪಾನಿಗೆ ಮೇಳದ ಆಹ್ವಾನ ಬಂದಿತ್ತು. ಶೋಗುನ್ ಅನ್ನುವ ಸೇನಾಧಿಪತಿಗಳ ಆಳ್ವಿಕೆ ಹೋಗಿ ದೊರೆಯ ಹೆಸರಿನಲ್ಲಿ ಹೊಸ ಸರ್ಕಾರ ಬಂದು ನಾಲ್ಕೈದು ವರ್ಷ ಅಷ್ಟೆ. ಸಾನೋ ತ್ಸುನೆತಾಮಿ ಅನ್ನುವ ಅಧಿಕಾರಿಗೆ ಇದರ ಉಸ್ತುವಾರಿ ಬಿತ್ತು. ಏನು ಕಳಿಸಬೇಕು, ಹೇಗೆ ತೋರಿಸಬೇಕು ಅಂತ ಹೇಳುವುದಕ್ಕೆ ವಾಗೆನರ್‌ನನ್ನು ಹಿಡಿದುಕೊಂಡರು.

ಆತ ಕೊಟ್ಟ ಸಲಹೆಯ ಸಾರ ಇಷ್ಟು. ಯುರೋಪಿನ ಮೆಷಿನ್ನಿನ ಸಾಮಾನನ್ನು ನಕಲು ಮಾಡಿ ಯುರೋಪಿಗೇ ಕೊಂಡುಹೋಗಬೇಡಿ. ನಿಮ್ಮ ಕೈಕಸುಬು ಒಯ್ಯಿರಿ: ಪಿಂಗಾಣಿ, ಮರಕ್ಕೆ ಮೆರುಗೆಣ್ಣೆ ಹಚ್ಚಿದ ಲ್ಯಾಕರ್ ಸಾಮಾನು, ರೇಷ್ಮೆ, ಕಂಚು, ಬಿದಿರು. ಓದಿದಾಗ ನನ್ನ ಆ ಗಿರಾಕಿಗೆ ಅಲ್ಲೇ ಮೆಸೇಜ್ ಹಾಕಬೇಕು ಅನ್ನಿಸಿತು. ಹಾಕಲಿಲ್ಲ, ಅವರು ಈಗಲೂ ಗಿರಾಕಿ.

ದೂರದಿಂದಲೇ ಕಣ್ಣಿಗೆ ಬೀಳುವಂಥ ದೊಡ್ಡದು ಏನಾದರೂ ಇರಲಿ ಅನ್ನುವ ಇನ್ನೊಂದು ಸಲಹೆಯೂ ಇತ್ತು. ಅದು ಜೊತೆಗಿದ್ದ ಇನ್ನೊಬ್ಬ ಜರ್ಮನ್, ಅಲೆಕ್ಸಾಂಡರ್ ಸೀಬೋಲ್ಟ್‌ದು ಅನ್ನುತ್ತಾರೆ. ಬಂಗಾರದ ಮೀನು ಪಟ್ಟಿಗೆ ಸೇರಿದ್ದು ಹಾಗೆ. ಜೊತೆಗೆ ಐದು ಅಂತಸ್ತಿನ ಗೋಪುರದ ಮಾದರಿ, ಒಂದು ಭಾರಿ ನಗಾರಿ, ಅಲೆಯ ಮೇಲೆ ಡ್ರ್ಯಾಗನ್ ಬರೆದ ದೊಡ್ಡ ಕಾಗದದ ಲಾಂದ್ರ, ಕಾಮಾಕುರಾದ ಮಹಾಬುದ್ಧನ ಕಾಗದದ ಪ್ರತಿಕೃತಿ. ನಾವು ಎಲ್‌ಇಡಿ ಗೋಡೆ ನಿಲ್ಲಿಸುತ್ತೇವೆ, ಅವರು ಬುದ್ಧನನ್ನು. ಪಾಪ, ಆ ಬುದ್ಧನಿಗೆ ಬೆಂಕಿ ತಗುಲಿ ಮೈಯೆಲ್ಲ ಸುಟ್ಟು ತಲೆ ಮಾತ್ರ ಉಳಿಯಿತು. ತಲೆಯನ್ನೇ ತಂದು ನಿಲ್ಲಿಸಿದರು. ಮೇಳದ ಹಿಂದಿನ ರಾತ್ರಿ ಮುರಿದ ಪ್ಯಾನೆಲ್ಲಿಗೆ ಹೂಕುಂಡ ಅಡ್ಡ ಇಟ್ಟು ಗೊತ್ತಿರುವ ನನಗೆ ಆ ಧೈರ್ಯ ಬಹಳ ಹಿಡಿಸಿತು.

ಸಾಮಾನು ಕೂಡಿಸಿದ ರೀತಿಯೇ ನನಗೆ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು. ಪ್ರಾಂತ್ಯ ಪ್ರಾಂತ್ಯಕ್ಕೂ ಆದೇಶ ಹೋಯಿತು. ನಿಮ್ಮಲ್ಲಿ ಬೆಳೆಯುವುದು, ಮಾಡುವುದು ಏನಿದೆಯೋ ಕಳಿಸಿ, ಪ್ರತಿಯೊಂದೂ ಎರಡೆರಡು. ಒಂದು ವಿಯೆನ್ನಾಕ್ಕೆ, ಒಂದು ಇಲ್ಲೇ ಮ್ಯೂಸಿಯಂ ಮಾಡಿ ಇಡುವುದಕ್ಕೆ. 1872ರಲ್ಲಿ ಟೋಕಿಯೋದ ಯುಶಿಮಾದಲ್ಲಿ ಒಂದು ಪ್ರದರ್ಶನ ನಡೆಸಿದರು, ಮೀನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು. ಜನ ಮುಗಿಬಿದ್ದರು. ಇವತ್ತಿನ ಟೋಕಿಯೋ ರಾಷ್ಟ್ರೀಯ ಮ್ಯೂಸಿಯಂ ಹುಟ್ಟಿದ ವರ್ಷ ಅಂತ ಅದನ್ನೇ ಲೆಕ್ಕ ಹಿಡಿಯುತ್ತಾರೆ. ನನ್ನ ಶೆಡ್ಡಿನಲ್ಲಿ ಸ್ಪೇರ್ ಬಲ್ಬು, ಸ್ಪೇರ್ ಬ್ಯಾನರು ಇಡಿ ಅಂತ ಹುಡುಗರ ಜೊತೆ ದಿನಾ ಜಗಳ.

ಇನ್ನೊಂದು ತಮಾಷೆ. ಮೇಳದ ನಿಯಮಾವಳಿಯಲ್ಲಿ ಸಾಮಾನುಗಳಿಗೆ 26 ವಿಭಾಗ. ಜರ್ಮನ್ ಭಾಷೆಯ ಆ ಕಾಗದವನ್ನು ಜಪಾನಿಗೆ ತರುವಾಗ ‘ಲಲಿತಕಲೆ’ ಅನ್ನುವುದಕ್ಕೆ ಅವರಲ್ಲಿ ಪದವೇ ಇರಲಿಲ್ಲ. ‘ಬಿಜುತ್ಸು’ ಅಂತ ಹೊಸದು ಕಟ್ಟಿದರು. ಈಗ ಜಪಾನಿನಲ್ಲಿ ಕಲೆಯ ಮ್ಯೂಸಿಯಂ, ಕಲೆಯ ಕಾಲೇಜು ಎಲ್ಲದರ ಹೆಸರಲ್ಲೂ ಆ ಪದ ಇದೆ, ಹುಟ್ಟಿದ್ದು ಒಂದು ಫಾರ್ಮಿನ ಕಾಲಮ್ ತುಂಬುವುದಕ್ಕೆ. ಸಾಗರದ ಗುಡಿಗಾರರ ಗಂಧದ ಕೆತ್ತನೆ ಒಯ್ಯುವಾಗಲೆಲ್ಲ ನನಗೂ ಇದೇ ಪೇಚು. ‘ಕರಕುಶಲ’ಕ್ಕೆ ಟಿಕ್ ಹಾಕಬೇಕೋ ‘ಕಲೆ’ಗೋ? ಕೆತ್ತಿದವರನ್ನೇ ಒಮ್ಮೆ ಕೇಳಿದೆ. ‘ಯಾವುದಕ್ಕೆ ಟ್ಯಾಕ್ಸ್ ಕಮ್ಮಿ ಅದನ್ನ ಹಾಕಿ’ ಅಂದರು.

1873ರ ಜನವರಿ ಕೊನೆಗೆ ತಂಡ ಯೊಕೊಹಾಮಾ ಬಿಟ್ಟಿತು. ಮೇ 1ಕ್ಕೆ ವಿಯೆನ್ನಾದ ಪ್ರಾಟರ್ ಉದ್ಯಾನದಲ್ಲಿ ಮೇಳ ತೆರೆಯಿತು. ನಡುವೆ ರೋಟುಂಡಾ ಅನ್ನುವ 108 ಮೀಟರ್ ಅಗಲದ ಗುಮ್ಮಟ, ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. ತೆರೆದ ಎಂಟೇ ದಿನಕ್ಕೆ, ಮೇ 9ರಂದು, ಅಲ್ಲಿನ ಷೇರು ಮಾರುಕಟ್ಟೆ ಬಿತ್ತು. ಬೇಸಿಗೆಯಲ್ಲಿ ಕಾಲರಾ. ಎರಡು ಕೋಟಿ ಜನ ಬರುತ್ತಾರೆ ಅಂದುಕೊಂಡದ್ದು, ಬಂದವರು ಸುಮಾರು 72 ಲಕ್ಷ. ಆಯೋಜಕರ ಗೋಳು ಬೇಡ, 2020ರಲ್ಲಿ ನಾವೂ ತಿಂದಿದ್ದೇವೆ.

ಆದರೂ ಜಪಾನಿನ ಜಾಗದಲ್ಲಿ ಜನವೋ ಜನ. ಹೊರಗೆ ಸುಮಾರು ಒಂದು ಎಕರೆಯಲ್ಲಿ ತೋಟ, ಚಿಕ್ಕ ಗುಡಿ, ಕೊಳ, ಬಾಗಿದ ಸೇತುವೆ. ಸೇತುವೆಯನ್ನು ಮೊದಲು ದಾಟಿದ್ದು ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಮತ್ತು ಅವನ ಹೆಂಡತಿ ಎಲಿಜಬೆತ್. ಬೀಸಣಿಗೆಗಳು ವಾರಕ್ಕೆ ಸಾವಿರಗಟ್ಟಲೆ ಖರ್ಚಾದವು. ಈ ಗುಡಿ, ಸೇತುವೆ ಕಟ್ಟುವುದಕ್ಕೆ ಜಪಾನಿನಿಂದಲೇ ಬಡಗಿಗಳು ಹೋಗಿದ್ದರು. ಅವರು ತೋಪಡ ಹೊಡೆಯುವಾಗ ಬೀಳುತ್ತಿದ್ದ ಮರದ ಸಿಪ್ಪೆ ಎಷ್ಟು ತೆಳು, ಎಷ್ಟು ಉದ್ದ ಇತ್ತೆಂದರೆ ನೋಡಲು ಬಂದ ಹೆಂಗಸರು ಅದನ್ನು ಆಯ್ದು ಮನೆಗೆ ಒಯ್ದರಂತೆ. ಮೇಳ ಇನ್ನೂ ತೆರೆದಿರಲಿಲ್ಲ, ಸ್ಟಾಲಿನ ಕಸವೇ ಪ್ರದರ್ಶನವಾಗಿತ್ತು.

ಇಲ್ಲಿ ನನಗೆ ಸ್ವಲ್ಪ ಇರುಸುಮುರುಸಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಹೊರಗಿನವನೊಬ್ಬ ಬಂದು ‘ನಿಮ್ಮ ಮೆಷಿನ್ ಬೇಡ, ಬೀಸಣಿಗೆ ತನ್ನಿ’ ಅಂದರೆ ಅದರಲ್ಲಿ ಒಂದು ಚುಚ್ಚು ಇದ್ದೇ ಇದೆ. ನನ್ನ ಗಿರಾಕಿಯ ಸಿಟ್ಟು ಪೂರ್ತಿ ದಡ್ಡತನವಲ್ಲ. ಮೂವತ್ತು ವರ್ಷ ಬೆವರು ಸುರಿಸಿ ಮೆಷಿನ್ ಮಾಡಿದವನಿಗೆ, ಬಂದವರೆಲ್ಲ ಆನೆ ಮುಟ್ಟಿ ನೋಡಿ ಹೋದರೆ ಹೇಗಾಗಬೇಡ? ವಾಗೆನರ್ ಬರೀ ಬೀಸಣಿಗೆಯ ಸಲಹೆ ಕೊಟ್ಟು ಸುಮ್ಮನಾಗಿದ್ದರೆ ನಾನು ಆತನ ಬಗ್ಗೆ ಬರೆಯುತ್ತಲೂ ಇರಲಿಲ್ಲ.

ಆತ ಇನ್ನೊಂದು ಕೆಲಸ ಮಾಡಿದ. ತಂಡದಲ್ಲಿ ಕಸುಬಿನವರನ್ನು, ಕಲಿಯುವವರನ್ನು ಸೇರಿಸಿಕೊಂಡು ಹೋಗಿ, ಅವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಯುರೋಪಿನ ಕಾರ್ಖಾನೆಗಳಲ್ಲಿ ಕೆಲಸ ಕಲಿಯಲು ಹಚ್ಚಿದ. ಯಾರೋ ಪೆನ್ಸಿಲ್ ಮಾಡುವುದನ್ನು ಕಲಿತರು. ನೋತೋಮಿ ಕೈಜಿರೋ ಅನ್ನುವವನು ಈಗಿನ ಚೆಕ್ ದೇಶದ ಬೊಹೀಮಿಯಾದಲ್ಲಿ ಪ್ಲಾಸ್ಟರ್ ಅಚ್ಚಿನಲ್ಲಿ ಪಿಂಗಾಣಿ ಎರಕ ಹೊಯ್ಯುವುದನ್ನು ಕಲಿತು ಬಂದ. ಕ್ಯೋಟೋದ ನೇಕಾರರ ಕಡೆಯವರು ನೇಯುವಾಗಲೇ ಚಿತ್ತಾರ ಮೂಡಿಸುವ ಜಕಾರ್ಡ್ ಮಗ್ಗ ತಂದರು. 1877ರಲ್ಲಿ ಅರಾಕಿ ಕೊಹೆಯಿ ಅನ್ನುವವನು ಅದನ್ನು ಬಿಚ್ಚಿ ನೋಡಿ ಮರದಲ್ಲೇ ಅಂಥದೊಂದು ಮಾಡಿ ನಿಲ್ಲಿಸಿದ. ಜಕಾರ್ಡ್ ಅಂದರೆ ಏನು ಅಂತ ದೊಡ್ಡಬಳ್ಳಾಪುರದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಅಂದರೆ ಮುಂದಿನ ಬಾಗಿಲಲ್ಲಿ ಬೀಸಣಿಗೆ, ಹಿಂದಿನ ಬಾಗಿಲಲ್ಲಿ ಮೆಷಿನ್ನು. ಹೀಗೆ ಎರಡು ಬಾಗಿಲಿನ ಲೆಕ್ಕ ಹಾಕುವ ಗಿರಾಕಿ ನನಗೆ ಹದಿನೇಳು ವರ್ಷದಲ್ಲಿ ಇಬ್ಬರು ಸಿಕ್ಕಿದ್ದಾರೆ.

ಮೇಳ ಮುಗಿದ ಮೇಲಿನ ಕಥೆ ನಮ್ಮ ಕಸುಬಿನವರಿಗೆ ಮಾತ್ರ ಸರಿಯಾಗಿ ಹೊಟ್ಟೆ ತೊಳಸುವಂಥದ್ದು. ತೋಟದ ಗುಡಿ, ಮನೆಗಳನ್ನು ಲಂಡನ್ನಿನ ಅಲೆಕ್ಸಾಂಡ್ರಾ ಪಾರ್ಕಿನವರು ಕೊಂಡರು, ಅದು ಸರಿ. ಉಳಿದ ಸಾಮಾನು, ಜೊತೆಗೆ ಯುರೋಪಿನಲ್ಲಿ ಕೊಂಡದ್ದು, ಉಡುಗೊರೆ ಬಂದದ್ದು, ಎಲ್ಲ ಸೇರಿ ಸುಮಾರು 190 ಪೆಟ್ಟಿಗೆಗಳು ಹಾಂಗ್‌ಕಾಂಗ್‌ನಲ್ಲಿ ‘ನಿಲ್’ ಅನ್ನುವ ಫ್ರೆಂಚ್ ಹಡಗಿಗೆ ಏರಿದವು. 1874ರ ಮಾರ್ಚ್ 20ರ ರಾತ್ರಿ, ಯೊಕೊಹಾಮಾ ಇನ್ನೇನು ಬಂತು ಅನ್ನುವಾಗ, ಇಜು ಪರ್ಯಾಯದ್ವೀಪದ ಹತ್ತಿರ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗಿತು. ಸುಮಾರು 90 ಜನರಲ್ಲಿ ಬದುಕಿದ್ದು ನಾಲ್ವರು. ಪೆಟ್ಟಿಗೆಗಳಲ್ಲಿ ಒಂದಷ್ಟನ್ನು ಮುಂದಿನ ವರ್ಷ ಮೇಲೆತ್ತಿದರು. ಕಾಮಾಕುರಾದ ಹಾಚಿಮಾನ್ ಗುಡಿಯಲ್ಲಿ ನೂರಾರು ವರ್ಷದಿಂದ ಇದ್ದ ಒಂದು ಲ್ಯಾಕರ್ ಪೆಟ್ಟಿಗೆ, ಕಪ್ಪೆಚಿಪ್ಪಿನ ಸೇವಂತಿಗೆ ಕೂರಿಸಿದ್ದು, ಕಾಮಾಕುರಾದ ಮೊದಲ ಶೋಗುನ್‌ನ ಹೆಂಡತಿ ಹೊಜೊ ಮಸಾಕೋದು ಅಂತ ಹೇಳುತ್ತಿದ್ದದ್ದು, ಸಿಗಲಿಲ್ಲ. ಅದಕ್ಕೆ ಎರಡನೆಯದು ಇರಲಿಲ್ಲ.

ಮೀನು ಉಳಿಯಿತು. ತೂಕ ಹೆಚ್ಚಾಗಿ ಹಾಂಗ್‌ಕಾಂಗ್‌ನಲ್ಲಿ ಆ ಹಡಗಿಗೆ ಹೇರುವುದಕ್ಕೆ ಆಗಲಿಲ್ಲ. ಓವರ್‌ಸೈಜ್ ಕಾರ್ಗೋ ಅಂತ ಬಿಟ್ಟುಹೋದ ಪೆಟ್ಟಿಗೆಗಾಗಿ ನಾನು ಎಷ್ಟು ಏಜೆಂಟರಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೇನೋ. ಅದು ಬೇರೆ ಹಡಗಿನಲ್ಲಿ ಬಂದು, 1879ರಲ್ಲಿ ಮತ್ತೆ ಗಂಡಿನ ಎದುರು ಮಾಡಿನ ಮೇಲೆ ಕೂತಿತು.

ವಾಗೆನರ್ 1876ರ ಫಿಲಡೆಲ್ಫಿಯಾ ಮೇಳಕ್ಕೂ ಇದೇ ಕೆಲಸ ಮಾಡಿದ. ಆಮೇಲೆ ಕ್ಯೋಟೋದಲ್ಲಿ, ಟೋಕಿಯೋದಲ್ಲಿ ಪಾಠ. 1892ರಲ್ಲಿ ಟೋಕಿಯೋದಲ್ಲೇ ತೀರಿಕೊಂಡ. ಆವೊಯಾಮಾ ಸ್ಮಶಾನದಲ್ಲಿ ಸಮಾಧಿ ಇದೆ, ನಾನು ಹೋಗಲಿಲ್ಲ, ವಿಮಾನಕ್ಕೆ ಹೊತ್ತಾಗಿತ್ತು.

ಹೊತ್ತಾದದ್ದಕ್ಕೆ ಇನ್ನೊಂದು ಕಾರಣ, ನಗೋಯಾದ ಒಂದು ಹತಾರದ ಅಂಗಡಿ. ಅಲ್ಲಿ ಜಪಾನಿ ತೋಪಡ ಕೊಂಡೆ, ಓಕ್ ಮರದ ದಿಮ್ಮಿಗೆ ಬ್ಲೇಡ್ ಓರೆಯಾಗಿ ಸಿಕ್ಕಿಸಿದ್ದು, ಅಷ್ಟೆ. ಪೀಣ್ಯಕ್ಕೆ ಬಂದು ಮೇಸ್ತ್ರಿ ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದರು.

‘ಏನಮ್ಮಾ ಇದು, ಹಿಡಿನೇ ಇಲ್ವಲ್ಲ?’

‘ತಳ್ಳೋದಲ್ಲ ಮೇಸ್ತ್ರಿ. ನಿಮ್ಮ ಕಡೆಗೆ ಎಳ್ಕೋಬೇಕಂತೆ.’

‘ಎಳೆಯೋದಾ?’ ಅಂತ ಹುಡುಗರ ಕಡೆ ನೋಡಿ ನಕ್ಕರು. ತೇಗದ ಒಂದು ಪಟ್ಟಿ ಹಿಡಿದು ಎಳೆದರು. ಸಿಕ್ಕಿಕೊಂಡಿತು. ಸುತ್ತಿಗೆಯಲ್ಲಿ ದಿಮ್ಮಿಯ ಹಿಂಬದಿಗೆ ಮೆಲ್ಲಗೆ ಎರಡು ಏಟು ಹಾಕಿ ಮತ್ತೆ ಎಳೆದರು. ಆರನೆಯದಕ್ಕೋ ಏಳನೆಯದಕ್ಕೋ ಸಿಪ್ಪೆ ಬಂತು, ಈರುಳ್ಳಿ ಪೊರೆಯ ಹಾಗೆ, ಪಟ್ಟಿಯ ಉದ್ದಕ್ಕೂ ತುಂಡಾಗದೆ. ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ಏನೂ ಹೇಳಲಿಲ್ಲ. ಸುರುಳಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಆಮೇಲೆ ಚೀಲ ನೋಡಿ ಕೇಳಿದರು, ‘ಇನ್ನೊಂದೈತಲ್ಲ, ಅದ್ಯಾರಿಗೆ?’

‘ಯಾರಿಗೂ ಅಲ್ಲ ಮೇಸ್ತ್ರಿ, ಬೀರುನಲ್ಲಿಡಿ.’